ಉಳಿಯದ ವಸ್ತುವಿಗೆ ಸಾಕ್ಷಿ

ವೇದಿಕೆಯ ಮೇಲಿರುವ ಗುರುಗಳೇ, ಮಕ್ಕಳ ಹೆಸರು ಯಾವಾಗ ಕೂಗುತ್ತಾರೋ ಎಂದು ಕಾದು ಕುಳಿತಿರುವ ತಾಯಿ-ತಂದೆಯರೇ, ಇವತ್ತು ಪದವೀಧರರಾಗುತ್ತಿರುವ ಗೋಗಿ, ಶಹಾಪುರ, ಸುರಪುರ ಸೀಮೆಯ ತಮ್ಮಂದಿರೇ, ತಂಗಿಯರೇ, ನಿಮಗೆಲ್ಲ ಅಭಿನಂದನೆ. ಇಂಥ ಸಮಾರಂಭದಲ್ಲಿ ಬದುಕಿನ ಬಗ್ಗೆ ಉಪದೇಶ ಮಾಡುವುದು ರೂಢಿ. ನಾನು ರಸಾಯನಶಾಸ್ತ್ರದ ಮಾಸ್ತರ. ಬದುಕಿನ ವಿಷಯ ನಿಮ್ಮ ಅವ್ವ-ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಅವರಿಗೇ ಬಿಟ್ಟು, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಕ್ಲಾಸಿನಲ್ಲಿ ನಾವು ಸಮೀಕರಣ ಬರೆಯುತ್ತೇವೆ. ಎಡಕ್ಕೆ ಹಾಕಿದ್ದು, ಬಲಕ್ಕೆ ಸಿಕ್ಕಿದ್ದು, ನಡುವೆ ಒಂದು ಬಾಣ. ಗೋಗಿಯಲ್ಲಿ ಬಸ್ ಹತ್ತಿದವ ಕಲಬುರಗಿಯಲ್ಲಿ ಇಳಿದ ಎಂದಷ್ಟೇ ಹೇಳಿ, ದಾರಿಯ ಸುದ್ದಿಯನ್ನೆಲ್ಲ ನುಂಗಿಬಿಟ್ಟ ಹಾಗೆ. ಆ ದಾರಿಯಲ್ಲಿ ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಇನ್ನೊಂದಾಗಿಬಿಡುವ ವಸ್ತುಗಳಿವೆ. ಅವೇ ಮಧ್ಯಂತರಗಳು. ಸೀಸೆಗೆ ತುಂಬಿ ಚೀಟಿ ಅಂಟಿಸಲು ಬಾರದ ಇಂಥವು ಇದ್ದವು ಎಂದು ತೋರಿಸಿಕೊಡುವುದು ಹೇಗೆ? ನನ್ನ ಮಟ್ಟಿಗೆ ಇಡೀ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಪ್ರಶ್ನೆ ಇಲ್ಲ. ಪರೀಕ್ಷೆಯಲ್ಲಿ ಇದನ್ನು ಎರಡು ಅಂಕಕ್ಕೆ ಕೇಳುತ್ತಾರೆ ಎಂಬುದು ಬೇರೆ ಮಾತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಪ್ರೊ. ಎಚ್. ಎಸ್. ಸಾವಿತ್ರಿ ಅವರ ತಂಡ ವರ್ಷಗಟ್ಟಲೆ ಒಂದೇ ಕಿಣ್ವದ ಬೆನ್ನು ಹತ್ತಿತ್ತು. ಅದರ ಹೆಸರು ಸೀರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಸಿಕ್ಕಿದ್ದು ಕುರಿಯ ಕಲೇಜಿಯಲ್ಲಿ. ಸೀರಿನ್ ಎಂಬ ಅಮೈನೋ ಆಮ್ಲದಿಂದ ಒಂದು ಇಂಗಾಲ ಬಿಡಿಸಿ ಫೋಲೇಟಿಗೆ ಹೊರಿಸುವುದು ಇದರ ಕೆಲಸ. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ನಿಮಗೆ ನುಂಗಿಸುತ್ತಿದ್ದ ನೀಲಿ ಗುಳಿಗೆಯಲ್ಲಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇತ್ತಲ್ಲ, ಅದು ಮೈಯಲ್ಲಿ ರೂಪ ಬದಲಿಸಿ ಈ ಕಿಣ್ವದ ಮುಂದೆ ಬಂದು ನಿಲ್ಲುತ್ತದೆ. ಹೊರಿಸಿಕೊಂಡ ಆ ಇಂಗಾಲ ಇಲ್ಲದಿದ್ದರೆ ಹೊಸ ಡಿಎನ್‌ಎ ಇಲ್ಲ, ಹೊಸ ರಕ್ತಕಣವೂ ಇಲ್ಲ.

ಈ ಕಿಣ್ವ ಬಿ6 ಜೀವಸತ್ವದ ಒಂದು ರೂಪವನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದರ ದ್ರಾವಣ ಹಳದಿ, 425 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ಗ್ಲೈಸೀನ್ ಮತ್ತು ಟೆಟ್ರಾಹೈಡ್ರೋಫೋಲೇಟ್ ಬೆರೆಸಿದರೆ 495ರ ಹತ್ತಿರ ಹೊಸ ಶಿಖರವೊಂದು ಏಳುತ್ತದೆ. ಅದೇ ಕ್ವಿನೋನಾಯ್ಡ್ ಎಂಬ ಮಧ್ಯಂತರದ ಗುರುತು. ಹಿಡಿದು ತೋರಿಸಲಾಗದ ವಸ್ತು ಬಣ್ಣದ ಮೂಲಕ ತಾನಿದ್ದೇನೆ ಎಂದು ಹೇಳಿಬಿಟ್ಟಿತು. ಮುಂದೆ ಇವರು ಬ್ಯಾಕ್ಟೀರಿಯಾವೊಂದರ ಇದೇ ಕಿಣ್ವವನ್ನು ಕೈಗೆತ್ತಿಕೊಂಡು, ಅದರ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ಯಾವ ಹಂತ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಅದರ ಹರಳಿನ ರಚನೆ 2002ರಲ್ಲಿ ಪ್ರಕಟವಾಯಿತು.

ಈಗ ನಿಮ್ಮ ಊರಿಗೆ ಬರೋಣ. ಗೋಗಿ ಎಂದರೆ ಚಂದಾ ಹುಸೇನಿ ದರ್ಗಾ, ಯೂಸುಫ್ ಆದಿಲ್ ಶಾಹ್‌ನ ಗೋರಿ ಎಂದು ಇತಿಹಾಸದ ಮಾಸ್ತರರು ಹೇಳುತ್ತಾರೆ. ಭೂವಿಜ್ಞಾನಿಗಳಿಗೆ ಗೋಗಿ ಎಂದರೆ ಯುರೇನಿಯಂ. ಭೀಮಾ ಜಲಾನಯನದ ಸುಣ್ಣಕಲ್ಲು ಗ್ರಾನೈಟಿಗೆ ತಾಗುವ ಸ್ತರಭಂಗದ ಗುಂಟ ಅದು ಕುಳಿತಿದೆ. ನೀರಿನ ಬಗ್ಗೆ ಊರಿನವರಿಗಿರುವ ಆತಂಕ ಪತ್ರಿಕೆಗಳಲ್ಲೂ ಬಂದಿದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಈ ಮಿತಿ ಇಟ್ಟದ್ದು ವಿಕಿರಣಕ್ಕೆ ಹೆದರಿ ಅಲ್ಲ, ಮೂತ್ರಪಿಂಡಕ್ಕೆ ಆಗುವ ರಾಸಾಯನಿಕ ತೊಂದರೆಗೆ.

ಕಲ್ಲಿನಲ್ಲಿರುವ ಯುರೇನಿಯಂ ಹೆಚ್ಚಾಗಿ ನಾಲ್ಕರ ಉತ್ಕರ್ಷಣ ಸ್ಥಿತಿಯದು, ನೀರಿಗೆ ಜಗ್ಗುವುದಿಲ್ಲ. ಆಮ್ಲಜನಕ ತಾಗಿ ಆರಕ್ಕೆ ಏರಿದರೆ ಕಾರ್ಬೋನೇಟಿನ ಜೊತೆ ಸೇರಿ ಕರಗಿ ಹೊರಡುತ್ತದೆ. ಮಣ್ಣಿನಲ್ಲಿ ಇದನ್ನು ಹಿಂದಕ್ಕೆ ಎಳೆಯುವ ಬ್ಯಾಕ್ಟೀರಿಯಾಗಳಿವೆ ಎಂದು 1991ರಲ್ಲಿ ಡೆರೆಕ್ ಲವ್ಲಿ ಮತ್ತು ಜೊತೆಗಾರರು ತೋರಿಸಿದರು. ಆರರಿಂದ ನಾಲ್ಕಕ್ಕೆ ಬರಲು ಎರಡು ಎಲೆಕ್ಟ್ರಾನ್ ಬೇಕು. ಬ್ಯಾಕ್ಟೀರಿಯಾ ಎರಡನ್ನೂ ತಾನೇ ಕೊಡುತ್ತದೆಯೇ? ಒಂದು ಕೊಟ್ಟು ಸುಮ್ಮನಾದರೆ ನಡುವೆ ಐದರ ಸ್ಥಿತಿ ಹುಟ್ಟಬೇಕು. ಆದರೆ ಐದರ ಯುರೇನಿಯಂ ನೀರಿನಲ್ಲಿ ನಿಲ್ಲುವುದಿಲ್ಲ. ಎರಡು ಅಯಾನು ಸೇರಿದರೆ ಒಂದು ಆರಾಗುತ್ತದೆ, ಇನ್ನೊಂದು ನಾಲ್ಕಾಗುತ್ತದೆ.

2005ರಲ್ಲಿ ಮ್ಯಾಂಚೆಸ್ಟರಿನ ತಂಡವೊಂದು ಎಕ್ಸ್-ಕಿರಣದಿಂದ ಜಿಯೋಬ್ಯಾಕ್ಟರ್ ಎಂಬ ಇಂಥ ಬ್ಯಾಕ್ಟೀರಿಯಾದ ಜೊತೆ ಐದರ ಯುರೇನಿಯಂ ಸುಳಿದು ಹೋಗುವುದನ್ನು ಕಂಡಿತು. ಆಮೇಲೆ ಮಾಡಿದ್ದು ಇನ್ನೂ ಜಾಣತನದ ಕೆಲಸ. ಯುರೇನಿಯಮ್ಮಿನ ಪಕ್ಕದ ಮನೆಯ ನೆಪ್ಚೂನಿಯಂ ಐದರಲ್ಲಿ ನೀರಿನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನೇ ಬ್ಯಾಕ್ಟೀರಿಯಾಕ್ಕೆ ಕೊಟ್ಟರು. ಬ್ಯಾಕ್ಟೀರಿಯಾ ಮುಟ್ಟಲಿಲ್ಲ. ಅಂದರೆ ಅದರ ಕಿಣ್ವ ಒಂದು ಎಲೆಕ್ಟ್ರಾನ್ ಕೊಟ್ಟು ಕೈ ಬಿಡುತ್ತದೆ, ಉಳಿದದ್ದು ತಾನಾಗಿ ನಡೆಯುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಮಧ್ಯಂತರ ಸಿಗದಿದ್ದರೆ ಅದರ ಹಾಗೇ ಇರುವ, ಆದರೆ ಓಡಿಹೋಗದ ಇನ್ನೊಂದನ್ನು ವಿಚಾರಿಸು! ಈ ಪ್ರಯೋಗ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಾದರೆ ಬ್ಯಾಕ್ಟೀರಿಯಾ ಬಿಟ್ಟು ನೀರು ಶುದ್ಧ ಮಾಡಬಹುದಲ್ಲ ಎಂದು ಕೇಳುತ್ತೀರಿ. ಕೊಲೊರಾಡೊದ ರೈಫಲ್‌ನಲ್ಲಿ ಅಂತರ್ಜಲದ ಬ್ಯಾಕ್ಟೀರಿಯಾಕ್ಕೆ ಅಸಿಟೇಟ್ ಉಣಿಸಿ ನೋಡಿದರು. ಮೊದಲು ಯುರೇನಿಯಂ ಇಳಿಯಿತು, ಸಲ್ಫೇಟ್ ತಿನ್ನುವ ಬೇರೆ ಬ್ಯಾಕ್ಟೀರಿಯಾ ಬಲಿತ ಮೇಲೆ ಮತ್ತೆ ಏರಿತು. ನಿಮ್ಮದು ಸುಣ್ಣಕಲ್ಲಿನ ನೀರು. ಕ್ಯಾಲ್ಸಿಯಂ, ಕಾರ್ಬೋನೇಟ್ ಎರಡೂ ಯುರೇನಿಯಂ ಜೊತೆ ಕೂಡಿದರೆ ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಯಾರಾದರೂ ಡಬ್ಬಿಯಲ್ಲಿ ಪರಿಹಾರ ಮಾರಲು ಬಂದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ನನಗೆ ಹೆಚ್ಚು ಚಿಂತೆಯಿರುವುದು ಯೂರಿಯಾದ ಬಗ್ಗೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಈ ಭಾಗದಲ್ಲಿ ಭತ್ತ ಹೆಚ್ಚಾಗಿದೆ, ಗೊಬ್ಬರವೂ ಹೆಚ್ಚಾಗಿದೆ. ಮಣ್ಣಿನಲ್ಲಿ ಯೂರಿಯಾ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಬ್ಯಾಕ್ಟೀರಿಯಾ ಒಡೆಯುವಾಗ ನಡುವೆ ಹುಟ್ಟುವ ನೈಟ್ರೈಟಿನಂಥ ಮಧ್ಯಂತರಗಳು ನಾಲ್ಕರ ಯುರೇನಿಯಮ್ಮನ್ನು ಮತ್ತೆ ಆರಕ್ಕೆ ಏರಿಸಬಲ್ಲವು. ಅಮೆರಿಕದ ಎರಡು ದೊಡ್ಡ ಕೃಷಿಸೀಮೆಗಳ ಅಂತರ್ಜಲದಲ್ಲಿ ನೈಟ್ರೇಟಿಗೂ ಯುರೇನಿಯಮ್ಮಿಗೂ ನಂಟಿದೆ ಎಂದು 2015ರಲ್ಲಿ ಪ್ರಕಟವಾಗಿದೆ. ಇಲ್ಲಿ ಹೇಗಿದೆ ಎಂಬುದನ್ನು ಇಲ್ಲಿನ ಬಾವಿಗಳೇ ಹೇಳಬೇಕು.

ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಇದನ್ನೇ ತೆಗೆದುಕೊಳ್ಳಿ. ಅವೇ ಬಾವಿ, ಅವೇ ಬೋರ್‌ವೆಲ್, ಬೇಸಿಗೆಯಲ್ಲೊಮ್ಮೆ, ಕಾಲುವೆಗೆ ನೀರು ಬಿಟ್ಟ ಮೇಲೊಮ್ಮೆ. ನೈಟ್ರೇಟಿಗೆ ಫಿನಾಲ್ ಡೈಸಲ್ಫೋನಿಕ್ ಆಮ್ಲದ ಹಳದಿ ಬಣ್ಣ, 410ರಲ್ಲಿ ಓದುವ ಸಾದಾ ಕಲರಿಮೀಟರ್ ಸಾಕು. ಯುರೇನಿಯಮ್ಮಿಗೆ ಮಾತ್ರ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು. ಪ್ರತಿ ಬಾವಿಗೆ ಎರಡು ಸೀಸೆ ಒಯ್ಯಿರಿ. ಯುರೇನಿಯಂ ಸೀಸೆಗೆ ಒಂದಿಷ್ಟು ನೈಟ್ರಿಕ್ ಆಮ್ಲ ಹಾಕಬೇಕು, ಇಲ್ಲದಿದ್ದರೆ ಅದು ಸೀಸೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅವಸರದಲ್ಲಿ ಎರಡಕ್ಕೂ ಹಾಕಬೇಡಿ. ಹಾಕಿದಿರೋ, ನೀವು ಅಳೆಯುವುದು ಬಾವಿಯ ನೈಟ್ರೇಟನ್ನಲ್ಲ, ನಿಮ್ಮ ಆಮ್ಲದ್ದನ್ನೇ.