ಖಾಸಗಿ ಬದುಕಿನ ಹಕ್ಕು



ನಮ್ಮ ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಇಲಾಖೆಯ ರಾಡಾರ್ ಸಂಶೋಧನಾಲಯವಿದೆ. ದೂರದ ವಸ್ತುವಿಗೆ ರೇಡಿಯೋ ಅಲೆ ತಾಗಿಸಿ, ಮರಳಿ ಬಂದ ಅಲೆಯಿಂದ ಅದು ಎಲ್ಲಿದೆ, ಎತ್ತ ಸಾಗಿದೆ ಎಂದು ತಿಳಿಯುವುದು ರಾಡಾರಿನ ಕೆಲಸ. ಶತ್ರುವಿಮಾನದ ಮೇಲೆ ಇಂಥ ಕಣ್ಣು ಬೇಕು. ಆದರೆ ಅದೇ ಬಡಾವಣೆಯ ನಿವಾಸಿಯ ಬೆರಳಚ್ಚು, ದೂರವಾಣಿ, ಬ್ಯಾಂಕ್ ಖಾತೆಗಳನ್ನು ಒಂದೇ ಸಂಖ್ಯೆಗೆ ಪೋಣಿಸಿಡಬಹುದೇ?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಬೆಂಗಳೂರಿನವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಸಂಸತ್ತಿನ ಕಾಯಿದೆಯೇ ಇಲ್ಲದೆ ಆಧಾರ್ ಯೋಜನೆ ನಡೆದಿದೆ ಎಂಬುದು ಅವರ ತಕರಾರು. ಕಾಯಿದೆ ಬಂದದ್ದು 2016ರಲ್ಲಿ.

ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ 2015ರಲ್ಲಿ ವಾದಿಸಿತು. ಅದಕ್ಕೆ ಊರುಗೋಲಾದ ಹಳೆಯ ತೀರ್ಪುಗಳಲ್ಲಿ 1962ರ ಖರಕ್ ಸಿಂಗ್ ಪ್ರಕರಣವೂ ಒಂದು. ಉತ್ತರ ಪ್ರದೇಶದ ಈತ ದರೋಡೆ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನು. ಆದರೂ ಪೊಲೀಸರು ರಾತ್ರಿ ಹೊತ್ತು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ರಾತ್ರಿಯ ಭೇಟಿ ಸಲ್ಲದೆಂದ ನ್ಯಾಯಾಲಯ, ಅವನ ಓಡಾಟದ ಮೇಲೆ ಕಣ್ಣಿಡಲು ಅಡ್ಡಿಯಿಲ್ಲವೆಂದಿತು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತಾಯಿತು! ನ್ಯಾಯಮೂರ್ತಿ ಸುಬ್ಬರಾವ್ ಅಂದೇ ಭಿನ್ನಮತ ಬರೆದಿದ್ದರು.

ಆ ಕಿಟಕಿ ಮುಚ್ಚಿದ್ದು 2017ರ ಆಗಸ್ಟ್ 24ರಂದು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನವು 21ನೆಯ ವಿಧಿಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಅಡಕವಾಗಿದೆ ಎಂದಿತು. ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಲ್ಲಿ ಆ ಪದವೇ ಇಲ್ಲ ಎಂಬುದನ್ನು ಗಮನಿಸಿ. ಹಾಗೆಂದು ಇದು ಮಿತಿಯಿಲ್ಲದ ಹಕ್ಕಲ್ಲ. ಆದರೆ ಸರ್ಕಾರ ಅದರೊಳಗೆ ಕೈಯಿಡಬೇಕಾದರೆ ಕಾಯಿದೆಯ ಬಲವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನೇ ಕೇಳಬೇಕು.

2018ರ ಸೆಪ್ಟೆಂಬರ್ 26ರಂದು ಆಧಾರ್ ಕಾಯಿದೆ 4–1ರ ಬಹುಮತದಿಂದ ಉಳಿಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಆಧಾರ್ ಕಡ್ಡಾಯವೆಂಬುದು ಮಾತ್ರ ಬಿದ್ದುಹೋಯಿತು. ಪುಟ್ಟಸ್ವಾಮಿಯವರು ಗೆದ್ದರೋ ಸೋತರೋ ಎಂದು ಕೇಳುವವರಿದ್ದಾರೆ. ಗೆದ್ದರೆಂದೇ ನನ್ನ ಎಣಿಕೆ. ಅದೇ ತಿಂಗಳ 6ರಂದು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ನ್ಯಾಯಾಲಯ ಹೇಳಿದಾಗಲೂ ಆಧರಿಸಿದ ತೀರ್ಪುಗಳಲ್ಲಿ ಇವರ ಹೆಸರಿನ ಪ್ರಕರಣವಿತ್ತು. ಅರ್ಜಿ ಹಾಕುವಾಗ ಈ ವೃದ್ಧರು ಅಷ್ಟು ದೂರ ಯೋಚಿಸಿದ್ದರೋ ಇಲ್ಲವೋ!