ಥೈಲ್ಯಾಂಡ್: ಪರಿಚಿತ ಹೆಸರುಗಳ ಅಪರಿಚಿತ ನಾಡು



ಬ್ಯಾಂಕಾಕ್ ನಗರಕ್ಕೆ ಹೋಗುವ ವಿದೇಶಿ ಪ್ರವಾಸಿಗಳಲ್ಲಿ ಬಹುಮಂದಿ ಬಂದಿಳಿಯುವ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. 2006ರಲ್ಲಿ ಆರಂಭವಾದ ಈ ನಿಲ್ದಾಣದ ಒಳಗೆ ದೇವಾಸುರರು ವಾಸುಕಿಯನ್ನು ಹಿಡಿದು ಕಡಲನ್ನು ಕಡೆಯುತ್ತಿರುವ ದೊಡ್ಡದೊಂದು ಶಿಲ್ಪವಿದೆ. ಊರೊಳಗೆ ಹೋದರೆ ರಾಮನ ಹೆಸರಿನ ರಸ್ತೆಗಳು, ನದೀತೀರದಲ್ಲಿ ಅರುಣನ ಹೆಸರಿನ ದೇವಾಲಯ, ಜನನಿಬಿಡ ವೃತ್ತವೊಂದರ ಮೂಲೆಯಲ್ಲಿ ನಾಲ್ಕು ಮುಖದ ಬ್ರಹ್ಮನ ಗುಡಿ. ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ಅಯುತ್ತಯ, ಅಂದರೆ ಅಯೋಧ್ಯೆ. ಇವನ್ನೆಲ್ಲ ಕಂಡ ನಮ್ಮ ಪ್ರವಾಸಿ ಒಂದು ದಿನದೊಳಗಾಗಿ "ಇಲ್ಲಿರುವುದೆಲ್ಲ ನಮ್ಮದೇ" ಎಂದು ತೀರ್ಮಾನಿಸಿಬಿಡುತ್ತಾನೆ. ಹಾಗೆ ತೀರ್ಮಾನಿಸಿದ ಮೇಲೆ ಅವನಿಗೆ ನೋಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ನೀವು ಮುಂದೆಂದಾದರೂ ಆ ನಾಡಿಗೆ ಹೋದಾಗ ಹೀಗಾಗದಿರಲಿ ಎಂಬ ಆಸೆಯಿಂದ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲು ಭಾಷೆಯನ್ನೇ ನೋಡೋಣ. ಥಾಯ್ ವರ್ಣಮಾಲೆಯೂ ನಮ್ಮಂತೆ 'ಕ'ಕಾರದಿಂದಲೇ ಆರಂಭವಾಗುತ್ತದೆ. ಅವರ ಲಿಪಿ ಖ್ಮೇರ್ ಲಿಪಿಯಿಂದ ಬಂದದ್ದು. ಖ್ಮೇರ್ ಲಿಪಿಯ ಮೂಲ ದಕ್ಷಿಣ ಭಾರತದ ಪಲ್ಲವರ ಕಾಲದ ಬರಹದಲ್ಲಿದೆ. ಅಲ್ಲಿನ ಮಕ್ಕಳು ಒಂದೊಂದು ಅಕ್ಷರಕ್ಕೂ ಒಂದೊಂದು ವಸ್ತುವಿನ ಹೆಸರು ಸೇರಿಸಿ ಕಲಿಯುತ್ತಾರೆ: ಮೊದಲನೆಯದು ಕೋಳಿಯ ಅಕ್ಷರ, ಎರಡನೆಯದು ಮೊಟ್ಟೆಯ ಅಕ್ಷರ, ಮುಂದೆ 'ಙ' ಬಂದಾಗ ಹಾವಿನ ಅಕ್ಷರ. ವಿಶ್ವವಿದ್ಯಾಲಯಕ್ಕೆ ಅವರು 'ಮಹಾವಿತ್ಥಯಾಲೈ' ಎನ್ನುತ್ತಾರೆ. ಅಧ್ಯಾಪಕರನ್ನು 'ಅಚಾನ್' ಎಂದು ಕರೆಯುತ್ತಾರೆ, ಅದು ನಮ್ಮ ಆಚಾರ್ಯ. ಇಲ್ಲಿಯವರೆಗೆ ಸುಲಭ. ಆದರೆ 'ಚಾತ್' ಎಂಬ ಮಾತೊಂದಿದೆ. ಮೂಲ ಜಾತಿ ಎಂಬ ಶಬ್ದವೇ. ಥಾಯ್ ಭಾಷೆಯಲ್ಲಿ ಅದರ ಅರ್ಥ ರಾಷ್ಟ್ರ! ಅವರ ರಾಷ್ಟ್ರಗೀತೆಯೂ 'ಫ್ಲೇಂಗ್ ಚಾತ್'. ಒಂದೇ ಶಬ್ದ ನಮ್ಮಲ್ಲಿ ಜನರನ್ನು ಬೇರೆಬೇರೆಯಾಗಿ ವಿಂಗಡಿಸುವುದಕ್ಕೂ ಅಲ್ಲಿ ಎಲ್ಲರನ್ನೂ ಒಟ್ಟಾಗಿ ಹೇಳುವುದಕ್ಕೂ ಬಳಕೆಯಾಗುತ್ತಿದೆ. ಪದವನ್ನು ಗುರುತಿಸಿದ ಮಾತ್ರಕ್ಕೆ ಅರ್ಥ ತಿಳಿಯಿತೆಂದು ಭಾವಿಸಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಸುವರ್ಣಭೂಮಿ ಎಂಬ ಹೆಸರಿಗೂ ಕನ್ನಡ ನಾಡಿಗೂ ಒಂದು ಹಳೆಯ ನೆನಪಿನ ನಂಟಿದೆ. ಶ್ರೀಲಂಕಾದ ಪಾಲಿ ಗ್ರಂಥ 'ಮಹಾವಂಸ'ವು ಅಶೋಕನ ಕಾಲದಲ್ಲಿ ಯಾವ ಯಾವ ನಾಡಿಗೆ ಬೌದ್ಧ ಭಿಕ್ಷುಗಳನ್ನು ಕಳಿಸಲಾಯಿತೆಂದು ಪಟ್ಟಿ ಕೊಡುತ್ತದೆ. ಅದರಲ್ಲಿ ವನವಾಸ, ಮಹಿಷಮಂಡಲ ಎಂಬ ಹೆಸರುಗಳಿವೆ, ಸುವಣ್ಣಭೂಮಿಯೂ ಇದೆ. ಮೊದಲನೆಯದನ್ನು ನಮ್ಮ ಬನವಾಸಿಯೆಂದೂ ಎರಡನೆಯದನ್ನು ಮೈಸೂರು ಸೀಮೆಯೆಂದೂ ಹಲವು ವಿದ್ವಾಂಸರು ಹೇಳುತ್ತಾರೆ. ಸುವರ್ಣಭೂಮಿ ಎಲ್ಲಿತ್ತೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಹೀಗೆ ಎರಡು ನಾಡುಗಳ ಹೆಸರು ಒಂದೇ ಪಟ್ಟಿಯಲ್ಲಿ ಬಂದಿವೆ. ನಾವು ಹಿರಿಯರು, ಅವರು ಕಿರಿಯರು ಎಂಬ ಮಾತು ಆ ಪಟ್ಟಿಯಲ್ಲಿಲ್ಲ.

ಈಗ ಬ್ಯಾಂಕಾಕಿನ ಅರಮನೆಯ ಆವರಣಕ್ಕೆ ಹೋಗೋಣ. 1782ರಲ್ಲಿ ಒಂದನೆಯ ರಾಮ ಎಂಬ ದೊರೆ ಇಲ್ಲಿ ರಾಜಧಾನಿಯನ್ನು ಸ್ಥಾಪಿಸಿದನು. ಭುಜ, ಮೊಣಕಾಲು ಮುಚ್ಚುವ ಉಡುಪಿಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ. ಒಳಗೆ ಮರಕತ ಬುದ್ಧನ ದೇವಾಲಯವಿದೆ. ಹೆಸರು ಮರಕತವೆಂದಿದ್ದರೂ ವಿಗ್ರಹ ಬೇರೊಂದು ಹಸಿರು ಶಿಲೆಯದು. ಎತ್ತರ ಕೇವಲ 66 ಸೆಂಟಿಮೀಟರಿನಷ್ಟು. ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ಅದಕ್ಕೆ ಬೇರೆ ಬೇರೆ ಉಡುಗೆ ತೊಡಿಸುತ್ತಾರೆ. ಹೆಚ್ಚಿನ ಪ್ರವಾಸಿಗಳು ಇದನ್ನು ನೋಡಿ ಹೊರಟುಬಿಡುತ್ತಾರೆ. ನೀವು ಹೊರಡಬೇಡಿ. ಸುತ್ತಲಿನ ಪೌಳಿಯ ಗೋಡೆಯ ಮೇಲೆ 178 ಭಾಗಗಳಲ್ಲಿ ರಾಮಕಥೆಯನ್ನು ಬಿಡಿಸಿದ್ದಾರೆ. ಉತ್ತರದ ಬಾಗಿಲ ಬಳಿ ಆರಂಭಿಸಿ ಪ್ರದಕ್ಷಿಣೆಯಾಗಿ ಬಂದರೆ ಕಥೆ ಕ್ರಮವಾಗಿ ಸಾಗುತ್ತದೆ. ಇದು 'ರಾಮಕಿಯನ್', ಅಂದರೆ ರಾಮಕೀರ್ತಿ. ಒಂದನೆಯ ರಾಮನ ಆಸ್ಥಾನದಲ್ಲಿ 1797ರ ವೇಳೆಗೆ ಸಿದ್ಧವಾದ ಕಾವ್ಯ.

ಇಲ್ಲಿ ನಮ್ಮವರಿಗೆ ಸ್ವಲ್ಪ ಕಸಿವಿಸಿಯಾಗುವ ಒಂದು ಪ್ರಸಂಗವಿದೆ. ಲಂಕೆಗೆ ಸೇತುವೆ ಕಟ್ಟುವಾಗ ಕಪಿಗಳು ಕಡಲಿಗೆ ಹಾಕಿದ ಬಂಡೆಗಳು ಮಾಯವಾಗುತ್ತಿರುತ್ತವೆ. ಹನುಮಂತ ನೀರಿಗೆ ಧುಮುಕಿ ನೋಡಿದರೆ ಸುವನ್ನಮಚ್ಛಾ, ಅಂದರೆ ಸುವರ್ಣಮತ್ಸ್ಯೆ ಎಂಬ ಮೀನು ದೇಹದ ಕನ್ಯೆ ತನ್ನ ಪರಿವಾರದೊಡನೆ ಬಂಡೆಗಳನ್ನು ಒಯ್ಯುತ್ತಿದ್ದಾಳೆ. ಆಕೆ ತೊಸಕನ್, ಎಂದರೆ ದಶಕಂಠ ರಾವಣನ ಮಗಳು. ಮುಂದೆ ಹನುಮಂತ ಆಕೆಯನ್ನು ಒಲಿಸಿಕೊಳ್ಳುತ್ತಾನೆ, ಅವರಿಗೊಬ್ಬ ಮಗನೂ ಹುಟ್ಟುತ್ತಾನೆ: ಕಪಿಯ ಮೈ, ಮೀನಿನ ಬಾಲ. ಬ್ರಹ್ಮಚಾರಿ ಹನುಮಂತನಿಗೆ ಸಂಸಾರವೇ! "ಕಥೆಯನ್ನು ಕೆಡಿಸಿದ್ದಾರೆ" ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ. ಆಗ ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದ ವಿದ್ಯಾರ್ಥಿ ನಾಗಚಂದ್ರನನ್ನು ನೆನೆಯಬೇಕು. ಅವನ 'ರಾಮಚಂದ್ರಚರಿತ ಪುರಾಣ'ದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಜೈನ ರಾಮಾಯಣ ಪರಂಪರೆಯಲ್ಲಿ ಹನುಮಂತನಿಗೆ ಮದುವೆಯೂ ಆಗಿದೆ. ನಮ್ಮ ನಾಡಿನಲ್ಲೇ ರಾಮಕಥೆ ಇಷ್ಟು ರೂಪಗಳನ್ನು ತಾಳಿದ ಮೇಲೆ ಥಾಯ್ ಜನ ತಮ್ಮ ರೂಪವನ್ನು ಕಟ್ಟಿಕೊಂಡದ್ದರಲ್ಲಿ ತಪ್ಪೇನು? ಈ ಕಥೆಯನ್ನೇ ಆಡುವ 'ಖೋನ್' ಎಂಬ ಮುಖವಾಡದ ನೃತ್ಯನಾಟಕವನ್ನು 2018ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅವಕಾಶ ಸಿಕ್ಕರೆ ಅದನ್ನು ತಪ್ಪದೆ ನೋಡಿ.

ಅಯುತ್ತಯ ಇನ್ನೊಂದು ಬಗೆಯ ಸ್ಥಳ. 1351ರಲ್ಲಿ ಸ್ಥಾಪನೆಯಾಗಿ ನಾಲ್ಕು ಶತಮಾನಗಳ ಕಾಲ ರಾಜಧಾನಿಯಾಗಿ ಮೆರೆದ ಈ ನಗರವನ್ನು 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳುಗೆಡವಿತು. ಇಟ್ಟಿಗೆಯ ಗೋಪುರಗಳ ನಡುವೆ ಸಾಲುಸಾಲಾಗಿ ಕುಳಿತ ಬುದ್ಧಮೂರ್ತಿಗಳಿಗೆ ತಲೆಗಳಿಲ್ಲ. ಎಲ್ಲವೂ ಯುದ್ಧದಲ್ಲಿ ಹೋದವೆಂದು ತಿಳಿಯಬೇಡಿ. ಎಷ್ಟೋ ತಲೆಗಳನ್ನು ಆಮೇಲೆ ಕಳ್ಳರು ಕಡಿದು ಮಾರಿದರು. ಕೊಂಡವರು ದೂರದ ಊರುಗಳ ಸಂಗ್ರಾಹಕರು. 1957ರಲ್ಲಿ ಇಲ್ಲಿನ ವಾಟ್ ರಾಚಬುರಣ ಎಂಬ ದೇವಾಲಯದ ನೆಲಮಾಳಿಗೆಗೆ ಕನ್ನ ಕೊರೆದು ಚಿನ್ನವನ್ನು ದೋಚಿದರು. ಉಳಿದದ್ದು ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ವಾಟ್ ಮಹಾಥಾತ್ ಎಂಬಲ್ಲಿ ಒಂದು ಬುದ್ಧನ ಶಿರಸ್ಸು ಮಾತ್ರ ಮರದ ಬೇರುಗಳ ನಡುವೆ ಸಿಕ್ಕಿಕೊಂಡು ಉಳಿದಿದೆ. ಅದರ ಮುಂದೆ ಚಿತ್ರ ತೆಗೆಸಿಕೊಳ್ಳುವವರು ಕೆಳಗೆ ಕುಳಿತುಕೊಳ್ಳಬೇಕು. ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು ಎಂಬುದು ಅಲ್ಲಿನ ಪದ್ಧತಿ.

ಹೀಗೆ ಹೋದದ್ದು ಒಮ್ಮೊಮ್ಮೆ ಹಿಂದಿರುಗಿ ಬರುವುದೂ ಉಂಟು. ಈಶಾನ್ಯ ಭಾಗದ ಬುರೀರಾಮ್ ಪ್ರಾಂತದಲ್ಲಿ ಆರಿಹೋದ ಅಗ್ನಿಪರ್ವತವೊಂದರ ನೆತ್ತಿಯ ಮೇಲೆ ಖ್ಮೇರರ ಕಾಲದ ಶಿವಾಲಯವಿದೆ. ಅದು ಫನೋಮ್ ರುಂಗ್. ವಿದೇಶಿ ಪ್ರವಾಸಿಗಳಲ್ಲಿ ಅಷ್ಟು ದೂರ ಹೋಗುವವರು ಕಡಿಮೆ. ನನ್ನ ಮಟ್ಟಿಗೆ ಬ್ಯಾಂಕಾಕಿನ ಅಂಗಡಿ ಬೀದಿಗಳಿಗೆ ಕೊಡುವ ಎರಡು ದಿನಗಳನ್ನು ಇದಕ್ಕೆ ಕೊಡುವುದು ಲೇಸು. ಅಲ್ಲಿನ ಬಾಗಿಲೊಂದರ ಮೇಲಿನ ಅಡ್ಡಗಲ್ಲಿನಲ್ಲಿ ಶೇಷಶಾಯಿ ವಿಷ್ಣುವಿನ ಶಿಲ್ಪವಿತ್ತು. 1960ರ ದಶಕದಲ್ಲಿ ಅದು ಕಾಣೆಯಾಯಿತು. ಕೆಲವು ವರ್ಷಗಳ ಮೇಲೆ ಅಮೆರಿಕದ ಷಿಕಾಗೋ ಕಲಾಸಂಗ್ರಹಾಲಯದಲ್ಲಿ ಅದು ಇರುವುದು ಥಾಯ್ ವಿದ್ವಾಂಸರ ಕಣ್ಣಿಗೆ ಬಿತ್ತು. ಬಹುಕಾಲ ಪತ್ರವ್ಯವಹಾರ ನಡೆಯಿತು. ಸಾಮಾನ್ಯ ಜನ ಪ್ರತಿಭಟನೆಗೆ ಇಳಿದರು. ಕರಾಬಾವ್ ಎಂಬ ಜನಪ್ರಿಯ ಗಾಯನ ತಂಡ ಈ ಕಲ್ಲಿನ ಮೇಲೆ ಹಾಡನ್ನೇ ಕಟ್ಟಿತು. ಕೊನೆಗೆ 1988ರಲ್ಲಿ ಕಲ್ಲು ಮರಳಿ ಬಂದು ತನ್ನ ಬಾಗಿಲ ಮೇಲೆ ಕುಳಿತಿತು. ವಿಚಾರ ಮಾಡಿ: ಶಿಲ್ಪದಲ್ಲಿರುವವನು ವಿಷ್ಣು, ಗುಡಿ ಶಿವನದು, ಕಟ್ಟಿಸಿದವರು ಖ್ಮೇರರು, ಅದಕ್ಕಾಗಿ ಹೋರಾಡಿದ ಜನರಲ್ಲಿ ಬಹುಪಾಲು ಬೌದ್ಧರು. "ಇದು ಯಾರದು?" ಎಂಬ ಪ್ರಶ್ನೆಗೆ ಆ ಜನ ತಮ್ಮ ಉತ್ತರವನ್ನು ಕೊಟ್ಟರು.

ಇನ್ನು ನಿಸರ್ಗದ ಮಾತು. ಬ್ಯಾಂಕಾಕಿನಿಂದ ಒಂದೇ ದಿನದಲ್ಲಿ ತಲುಪಬಹುದಾದ ಖಾವ್ ಯೈ, 1962ರಲ್ಲಿ ಘೋಷಿತವಾದ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಬೆಳಗಿನ ಹೊತ್ತು ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳು ಮರದ ತುದಿಯಲ್ಲಿ ಕೂಗುವ ಕೂಗು ಕಾಡಿನುದ್ದಕ್ಕೂ ಕೇಳುತ್ತದೆ. ಆನೆಗಳಿವೆ, ಮಂಗಟ್ಟೆ ಹಕ್ಕಿಗಳಿವೆ. ಮಳೆಗಾಲದಲ್ಲಿ ಇಂಬಳಗಳೂ ಇವೆ. ಮಲೆನಾಡಿನ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ಕಡಲ ಭಾಗದ್ದು ಬೇರೆಯೇ ಕಥೆ. ದಕ್ಷಿಣದ ಕ್ರಾಬಿ ಪ್ರಾಂತದಲ್ಲಿ ಫಿಫಿ ಲೇ ಎಂಬ ಪುಟ್ಟ ದ್ವೀಪವಿದೆ. ಅದರಲ್ಲಿ ಸುಣ್ಣಕಲ್ಲಿನ ಕಡಿದಾದ ಬಂಡೆಗಳು ಸುತ್ತುವರಿದ ಮಾಯಾ ಕೊಲ್ಲಿ. 2000ದಲ್ಲಿ ಬಿಡುಗಡೆಯಾದ ಒಂದು ಹಾಲಿವುಡ್ ಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಈ ಕೊಲ್ಲಿಗೆ ಜನಪ್ರವಾಹವೇ ಹರಿಯಿತು. ದಿನಕ್ಕೆ ಸಾವಿರಾರು ಜನ, ಸಾಲುಗಟ್ಟಿ ನಿಂತ ಮೋಟಾರು ದೋಣಿಗಳು. ದೋಣಿಗಳ ಲಂಗರು ಬಿದ್ದು, ಜನರ ಕಾಲು ತುಳಿದು ಹವಳದ ದಿಬ್ಬಗಳು ಸತ್ತವು. ಹವಳ ನೋಡುವುದಕ್ಕೆ ಕಲ್ಲಿನಂತಿದ್ದರೂ ಸಣ್ಣ ಜೀವಿಗಳ ವಸಾಹತು. ವರ್ಷಕ್ಕೆ ಬೆಳೆಯುವುದು ಅತಿ ಸ್ವಲ್ಪ, ಮುರಿಯುವುದು ಒಂದೇ ಗಳಿಗೆಯಲ್ಲಿ. 2018ರ ಜೂನ್ ತಿಂಗಳಲ್ಲಿ ಸರ್ಕಾರ ಕೊಲ್ಲಿಯನ್ನು ಮುಚ್ಚಿತು. ಮೊದಲು ನಾಲ್ಕು ತಿಂಗಳಿಗೆಂದು ಮುಚ್ಚಿದ್ದು ಮೂರೂವರೆ ವರ್ಷವಾಯಿತು. ಪ್ರವಾಸಿಗಳನ್ನು ನೆಚ್ಚಿ ಬದುಕುವ ನಾಡಿನಲ್ಲಿ ಇದು ಸಣ್ಣ ನಿರ್ಧಾರವಲ್ಲ. ದೋಣಿ ನಡೆಸುವವರ ಅನ್ನಕ್ಕೇ ಕೈಹಾಕಿದಂತಾಗಿ ಅಸಮಾಧಾನವೂ ಉಂಟಾಯಿತು. ಈ ನಡುವೆ ವಿಜ್ಞಾನಿಗಳೂ ಸ್ವಯಂಸೇವಕರೂ ಸಾವಿರಾರು ಹವಳದ ತುಣುಕುಗಳನ್ನು ಕಡಲ ತಳದಲ್ಲಿ ನೆಟ್ಟರು. ರೆಕ್ಕೆಯ ತುದಿ ಕಪ್ಪಗಿರುವ ಸಣ್ಣ ಶಾರ್ಕ್ ಮೀನುಗಳು ದಡದ ಹತ್ತಿರದ ನೀರಿಗೆ ಮರಳಿ ಬಂದವು.

2022ರ ಜನವರಿಯಲ್ಲಿ ಕೊಲ್ಲಿಯನ್ನು ಮತ್ತೆ ತೆರೆದರು, ಆದರೆ ಹಿಂದಿನಂತೆ ಅಲ್ಲ. ದೋಣಿಗಳು ದ್ವೀಪದ ಹಿಂಬದಿಗೆ ಬಂದು ನಿಲ್ಲುತ್ತವೆ. ಅಲ್ಲಿಂದ ಮರದ ಕಾಲುದಾರಿಯಲ್ಲಿ ನಡೆದು ಬರಬೇಕು. ಒಂದು ಹೊತ್ತಿಗೆ ಇಷ್ಟೇ ಜನ ಎಂಬ ಮಿತಿಯಿದೆ, ಈಜುವಂತಿಲ್ಲ. ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕೊಲ್ಲಿಗೆ ಪೂರ್ತಿ ವಿಶ್ರಾಂತಿ. ನೀವು ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯ ತನಕದ ಕಾಲ ಒಳ್ಳೆಯದು, ಮಳೆ ನಿಂತು ಕಡಲು ಶಾಂತವಾಗಿರುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಅಲುಗದೆ ನಿಂತರೆ ಆ ಶಾರ್ಕ್ ಮರಿಗಳು ನಿಮ್ಮ ಎದುರಿಗೇ ಹಾದುಹೋಗಬಹುದು.