ಕಸಿ ಕಟ್ಟಿದ ಕೈಗಳು ಇಲ್ಲವಾದ ಮೇಲೆ
ಕಾಕಸಸ್ ಬೆಟ್ಟಗಳಲ್ಲಿ ಸರ್ಕೇಸಿಯನ್ನರ ಹಣ್ಣಿನ ಕಾಡು

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಪ್ಪು ಸಮುದ್ರದ ಪೂರ್ವ ದಡದಿಂದ ಮೇಲೇಳುವ ಪಶ್ಚಿಮ ಕಾಕಸಸ್ ಪರ್ವತಶ್ರೇಣಿಯ ಉತ್ತರದ ಮಗ್ಗುಲಿನಲ್ಲಿ ಅದಿಗೇಯಾ ಎಂಬ ಪುಟ್ಟ ಗಣರಾಜ್ಯವಿದೆ. ರಷ್ಯಾ ಒಕ್ಕೂಟಕ್ಕೆ ಸೇರಿದ ಈ ನಾಡು ನಾಲ್ಕೂ ದಿಕ್ಕುಗಳಲ್ಲಿ ಕ್ರಾಸ್ನೊದಾರ್ ಪ್ರಾಂತದಿಂದ ಸುತ್ತುವರಿಯಲ್ಪಟ್ಟಿದೆ. ಹೊರಜಗತ್ತು ಸರ್ಕೇಸಿಯನ್ನರೆಂದು ಕರೆಯುವ, ತಮ್ಮನ್ನು ತಾವು ಅದಿಘೆ ಎಂದು ಕರೆದುಕೊಳ್ಳುವ ಜನರ ಹೆಸರಿನಲ್ಲಿಯೇ ಈ ನಾಡಿದ್ದರೂ ಇಂದು ಇಲ್ಲಿಯ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ. ರಾಜಧಾನಿಯಾದ ಮೈಕೊಪ್ ಎಂಬ ಹೆಸರಿಗೆ ಅದಿಘೆ ಭಾಷೆಯಲ್ಲಿ 'ಸೇಬುಮರಗಳ ಕಣಿವೆಯ ಬಾಯಿ' ಎಂಬ ಅರ್ಥವನ್ನು ಹೇಳುತ್ತಾರೆ. ಈ ಪ್ರದೇಶದ ಪ್ರವಾಸವನ್ನು ಈ ಹೆಸರಿನಿಂದಲೇ ಆರಂಭಿಸುವುದು ಉಚಿತ.

ಮೈಕೊಪ್‌ನಿಂದ ದಕ್ಷಿಣಕ್ಕೆ ಹೊರಟ ಪ್ರವಾಸಿಗನು ಬೆಲಾಯಾ ನದಿಯ ಜೊತೆಯಲ್ಲಿಯೇ ಏರುತ್ತಾನೆ. ಹಾದಿಯಲ್ಲಿ ಖಾಜೋಖ್‌ನ ಕಲ್ಲುಕಂದರವೂ, ಗುಜೇರಿಪ್ಲ್ ಗ್ರಾಮದಲ್ಲಿ ಕಂಚಿನ ಯುಗದ ಜನರು ಬೃಹತ್ ಚಪ್ಪಡಿಗಳಿಂದ ಕಟ್ಟಿದ ಶಿಲಾಸಮಾಧಿಯೂ ಎದುರಾಗುತ್ತವೆ. ಮೇಲೆ ಲಾಗೊ-ನಾಕಿ ಪ್ರಸ್ಥಭೂಮಿಯ ಹುಲ್ಲುಗಾವಲು. ಅದರಾಚೆ 2,867 ಮೀಟರ್ ಎತ್ತರದ ಫಿಶ್ಟ್ ಶಿಖರ. ಅಲ್ಲಿಂದ ಹಳೆಯ ಕಾಲುದಾರಿಯೊಂದು 'ಸರ್ಕೇಸಿಯನ್ ಕಣಿವೆದಾರಿ' ಎಂದೇ ಹೆಸರಾದ ಘಟ್ಟವನ್ನು ದಾಟಿ ದಕ್ಷಿಣದ ಇಳಿಜಾರಿನ ಮೂಲಕ ಸೋಚಿಯ ಕಡಲತೀರಕ್ಕೆ ಇಳಿಯುತ್ತದೆ. ಸೋವಿಯತ್ ಕಾಲದಲ್ಲಿ 'ಮೂವತ್ತನೆಯ ಮಾರ್ಗ' ಎಂದು ಪ್ರಸಿದ್ಧವಾದ ಈ ದಾರಿಯಲ್ಲಿ ಫರ್ ಹಾಗೂ ಬೀಚ್ ಮರಗಳ ದಟ್ಟ ಕಾಡು ಕ್ರಮೇಣ ಚೆಸ್ಟ್‌ನಟ್ ಕಾಡಾಗಿ ಮಾರ್ಪಡುತ್ತದೆ.

ಈ ಕಾಡಿನಲ್ಲಿ ನಡೆಯುವವನಿಗೆ ಒಂದು ಅಚ್ಚರಿ ಕಾದಿರುತ್ತದೆ. ಮನೆಯಿಲ್ಲದ, ಬೇಲಿಯಿಲ್ಲದ ಜಾಗದಲ್ಲಿ ಸೇಬು, ಮರಸೇಬು, ಪ್ಲಮ್, ಅಕ್ರೋಟ ಮರಗಳು ಗುಂಪು ಗುಂಪಾಗಿ ನಿಂತಿರುತ್ತವೆ. ಶರತ್ಕಾಲದಲ್ಲಿ ಉದುರಿದ ಹಣ್ಣನ್ನು ಕರಡಿಗಳೂ ಕಾಡುಹಂದಿಗಳೂ ತಿನ್ನುತ್ತವೆ. ಕೆಲವು ಹಳೆಯ ಮರಸೇಬಿನ ಮರಗಳ ಹಣ್ಣು ಕಾಡುಜಾತಿಯ ಒಗರಿನದಲ್ಲ, ದೊಡ್ಡದು, ರಸಭರಿತವಾದದ್ದು. ಪ್ರಕೃತಿಯ ಔದಾರ್ಯವೆಂದು ಪ್ರವಾಸಿಗನು ಸಂತೋಷಪಡುತ್ತಾನೆ. ಆದರೆ ಇದು ಪ್ರಕೃತಿಯೊಂದರದೇ ಕೆಲಸವಲ್ಲ. ಇವುಗಳಿಗೆ 'ಹಳೆಯ ಸರ್ಕೇಸಿಯನ್ ತೋಟಗಳು' ಎಂದು ಹೆಸರು.

ಈ ತೋಟಗಳ ವಿಧಾನ ಸರಳವಾದರೂ ಆಳವಾದ ತಿಳಿವಳಿಕೆಯಿಂದ ಕೂಡಿದುದಾಗಿತ್ತು. ಇಳಿಜಾರಿನಲ್ಲಿ ಬರಗು ಬಿತ್ತಲು ಕಾಡನ್ನು ತೆರವುಗೊಳಿಸುವಾಗ ಸರ್ಕೇಸಿಯನ್ನರು ಕಾಡುಸೇಬು, ಕಾಡುಮರಸೇಬು, ಅಕ್ರೋಟ ಮತ್ತು ಚೆಸ್ಟ್‌ನಟ್ ಮರಗಳನ್ನು ಉಳಿಸುತ್ತಿದ್ದರು. ಹಾಗೆ ಉಳಿಸಿದ ಕಾಡು ಹಣ್ಣಿನ ಮರಗಳಿಗೆ, ಅವು ನಿಂತಿದ್ದಲ್ಲಿಯೇ, ಉತ್ತಮ ತಳಿಯ ಕುಡಿಗಳನ್ನು ಕಸಿ ಕಟ್ಟುತ್ತಿದ್ದರು. ವಸಂತದಲ್ಲಿ ಕಾಡಿಗೆ ಹೋದವನು ಕನಿಷ್ಠ ಒಂದು ಮರಕ್ಕಾದರೂ ಕಸಿ ಕಟ್ಟಿ ಬರಬೇಕೆಂಬ ರೂಢಿ ಅವರಲ್ಲಿತ್ತೆಂದು ಇಂದಿಗೂ ಹೇಳಲಾಗುತ್ತದೆ. ಕೃಷಿವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದರ ಪ್ರಯೋಜನ ಸ್ಪಷ್ಟ. ಗುಂಡಿ ತೋಡುವ ಅಗತ್ಯವಿಲ್ಲದ್ದರಿಂದ ಇಳಿಜಾರಿನ ಮಣ್ಣು ಸಡಿಲಗೊಳ್ಳುವುದಿಲ್ಲ. ಮರದ ಬೇರು ಮೊದಲೇ ಆಳಕ್ಕಿಳಿದಿರುವುದರಿಂದ ಮಳೆಯಿಲ್ಲದ ದಿನಗಳನ್ನು ಅದು ತಾಳುತ್ತದೆ. ಆ ನೆಲಕ್ಕೂ ಹವೆಗೂ ಒಗ್ಗಿದ ಬುಡದ ಮೇಲೆ ಮನುಷ್ಯನು ಆಯ್ದ ಹಣ್ಣು ಬೆಳೆಯುತ್ತದೆ. ಮರಗಳ ಕೆಳಗೆ ಹುಲ್ಲು, ಹುಲ್ಲಿನಿಂದ ದನಕರು, ಚೆಸ್ಟ್‌ನಟ್ ಹೂವಿನಿಂದ ಜೇನು. ಕಾಡು ಯಾವುದು, ತೋಟ ಯಾವುದು ಎಂದು ಗೆರೆ ಎಳೆಯುವುದು ಅಲ್ಲಿ ಸಾಧ್ಯವಿರಲಿಲ್ಲ. ನಮ್ಮ ದೇವರ ಕಾಡುಗಳಂತೆ ಕೊಡಲಿ ತಾಗಿಸಬಾರದ ಪೂಜೆಯ ತೋಪುಗಳೂ ಅವರಲ್ಲಿದ್ದವು.

ಈ ವ್ಯವಸ್ಥೆ ಕಡಿದುಹೋದದ್ದು 1864ರಲ್ಲಿ. ರಷ್ಯಾದ ತ್ಸಾರ್ ಸೈನ್ಯ ಹಾಗೂ ಕಾಕಸಸ್‌ನ ಬೆಟ್ಟದ ಜನರ ನಡುವೆ ದಶಕಗಳ ಕಾಲ ನಡೆದ ಯುದ್ಧವು ಆ ವರ್ಷದ ಮೇ 21ರಂದು, ಸೋಚಿಯ ಮೇಲಿನ ಕ್ಬಾದಾ ಎಂಬ ಬಯಲಿನಲ್ಲಿ ನಡೆದ ವಿಜಯ ಸಂಚಲನದೊಂದಿಗೆ ಮುಕ್ತಾಯಗೊಂಡಿತು. ಊರುಗಳನ್ನು ಸುಡಲಾಯಿತು. ಲಕ್ಷಾಂತರ ಜನರನ್ನು ಕಡಲತೀರಕ್ಕೆ ಅಟ್ಟಿ ಹಡಗುಗಳಲ್ಲಿ ಆಟೊಮನ್ ಸಾಮ್ರಾಜ್ಯಕ್ಕೆ ಸಾಗಹಾಕಲಾಯಿತು. ಹಸಿವು, ಚಳಿ, ಸಾಂಕ್ರಾಮಿಕ ರೋಗಗಳಿಗೆ ದಡದಲ್ಲಿಯೂ ದಾರಿಯಲ್ಲಿಯೂ ಬಲಿಯಾದವರು ಅಸಂಖ್ಯ. ಇಂದು ಸರ್ಕೇಸಿಯನ್ನರಲ್ಲಿ ಹೆಚ್ಚಿನವರು ಟರ್ಕಿ, ಜೋರ್ಡಾನ್, ಸಿರಿಯಾ ಮುಂತಾದ ದೇಶಗಳಲ್ಲಿದ್ದಾರೆ; ಮೇ 21 ಅವರೆಲ್ಲರ ಶೋಕದಿನ. ಸೋಚಿ ಸುತ್ತಲಿನ ಉಬಿಖ್ ಜನರು ಬಹುತೇಕ ಸಂಪೂರ್ಣವಾಗಿ ಹೊರದೂಡಲ್ಪಟ್ಟರು. ಅವರ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯ ವ್ಯಕ್ತಿ ತೆವ್‌ಫಿಕ್ ಎಸೆಂಚ್ 1992ರಲ್ಲಿ ಟರ್ಕಿಯಲ್ಲಿ ತೀರಿಕೊಂಡರು.

ಜನರು ಹೋದರು, ಮರಗಳು ಉಳಿದವು. ಮುಂದೇನಾಯಿತು ಎಂಬುದು ಬೆಟ್ಟದಲ್ಲಿ ಬದುಕುವ ಎಲ್ಲರೂ ಕೇಳಬೇಕಾದ ಕಥೆ. ಖಾಲಿಯಾದ ತೀರವನ್ನು ಕಾಯಲೆಂದು 1864ರಲ್ಲಿ ಕೊಸಾಕ್ ಸೈನಿಕರ ಕುಟುಂಬಗಳನ್ನು ತಂದು ನೆಲೆಗೊಳಿಸಲಾಯಿತು. ಅವರು ಬಲ್ಲ ಬೇಸಾಯ ಬಯಲುಸೀಮೆಯದು. ಕಣಿವೆಯ ತಳದ ತೇವದ ನೆಲದಲ್ಲಿ ಊರು ಕಟ್ಟಿ ಉಳುಮೆ ಮಾಡಿದರು. ಮಲೇರಿಯಾಕ್ಕೂ ಬೆಳೆನಾಶಕ್ಕೂ ತುತ್ತಾದರು. ಆ ಪಡೆಯನ್ನು 1870ರಲ್ಲಿ ವಿಸರ್ಜಿಸಬೇಕಾಯಿತು. ಇದೇ ನೆಲದಲ್ಲಿ ಜನರು ಹೇಗೆ ಬದುಕಿದ್ದರು ಎಂಬ ಪ್ರಶ್ನೆ ಅನಂತರ ಎದ್ದಿತು. ತೀರದ ಭೂಮಿಯನ್ನು ಪರಿಶೀಲಿಸಲು 1866ರಲ್ಲಿ ಹೋದ ಖಾತಿಸೊವ್ ಆಯೋಗವೂ, ಸೋಚಿ ಪ್ರದೇಶದ ಕೃಷಿಯ ಬಗ್ಗೆ 1897ರಲ್ಲಿ ಗ್ರಂಥ ಬರೆದ ಕೃಷಿತಜ್ಞ ಇವಾನ್ ಕ್ಲಿಂಗೆನ್ ಅವರೂ ಹೊರದೂಡಲ್ಪಟ್ಟ ಜನರ ಕೃಷಿಜ್ಞಾನವನ್ನು ಮೆಚ್ಚಿ ದಾಖಲಿಸಿದರು. ಕ್ಲಿಂಗೆನ್ ಇದಕ್ಕೆ ಸ್ವಲ್ಪ ಮೊದಲು ಚಹಾ ಬೇಸಾಯವನ್ನು ಅರಿಯಲು ಭಾರತ, ಸಿಲೋನ್, ಚೀನಾಗಳನ್ನು ಸುತ್ತಿ ಬಂದಿದ್ದವರು. ಪೂರ್ವದೇಶಗಳ ರೈತರಿಂದ ಕಲಿಯಲು ಸಾವಿರಾರು ಮೈಲಿ ಹೋದ ವಿದ್ವಾಂಸನಿಗೆ ತನ್ನದೇ ಸಾಮ್ರಾಜ್ಯದ ಬೆಟ್ಟದಲ್ಲಿ ಪ್ರಶ್ನೆ ಕೇಳಲು ರೈತರೇ ಉಳಿದಿರಲಿಲ್ಲ.

ವಿಜಯ ಸಂಚಲನ ನಡೆದ ಕ್ಬಾದಾ ಬಯಲಿನ ಇಂದಿನ ಹೆಸರು ಕ್ರಾಸ್ನಾಯಾ ಪೊಲ್ಯಾನಾ. ಅಲ್ಲಿಗೆ 1878ರಲ್ಲಿ ಗ್ರೀಕ್ ಕುಟುಂಬಗಳೂ, 1886ರಲ್ಲಿ ಎಸ್ಟೋನಿಯದ ಕುಟುಂಬಗಳೂ ಬಂದು ನೆಲೆಸಿದವು. ಎಸ್ಟೋನಿಯರ ಹಳ್ಳಿಗೆ ಎಸ್ತೊ-ಸಾದೊಕ್, ಎಂದರೆ 'ಎಸ್ಟೋನಿಯರ ಪುಟ್ಟ ತೋಟ' ಎಂದು ಹೆಸರಾಯಿತು. ಆದರೆ ಆ ಬಯಲಿನಲ್ಲಿ ಮೊದಲು ಕಸಿ ಕಟ್ಟಿದವರು ಅವರಲ್ಲ. ನೆಟ್ಟವರ ಹೆಸರು ಅಳಿದು ಉಂಡವರ ಹೆಸರು ಉಳಿಯುವುದು ಹೀಗೆ.

ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನವು ಈ ಮರಗಳತ್ತ ಮರಳಿ ನೋಡಿತು. ಮೈಕೊಪ್ ಸಮೀಪದ ಶುಂತುಕ್‌ನಲ್ಲಿ ಮಹಾನ್ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ಅವರ ಸಂಸ್ಥೆಗೆ ಸೇರಿದ ಪ್ರಯೋಗಕೇಂದ್ರವು 1930ರಲ್ಲಿ ಸ್ಥಾಪನೆಗೊಂಡು ಹಣ್ಣಿನ ತಳಿಗಳ ಸಂಗ್ರಹಕ್ಕೆ ತೊಡಗಿತು. ಅದಿಘೆ ಜನರವರೇ ಆದ ನುಖ್ ತ್ಖಾಗುಶೆವ್ ಈ ತೋಟಗಳನ್ನು ಕುರಿತು 1956ರಲ್ಲಿ ಪುಸ್ತಕ ಪ್ರಕಟಿಸಿದರು. ತಳಿಯನ್ನು ಸಂಗ್ರಹಾಲಯದಲ್ಲಿ ಉಳಿಸಬಹುದು. ಆದರೆ ಯಾವ ಇಳಿಜಾರಿಗೆ ಯಾವ ತಳಿ, ಯಾವ ಬುಡಕ್ಕೆ ಯಾವ ಕುಡಿ ಎಂಬ ತಿಳಿವಳಿಕೆ ಅಲ್ಲಿಯೇ ಬಾಳುವ ಜನರಲ್ಲಿ ಮಾತ್ರ ಜೀವಂತವಾಗಿರುತ್ತದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೇ ಬೆಟ್ಟಗಳಲ್ಲಿದೆ. 1924ರಲ್ಲಿ ಇಲ್ಲಿ ಕಾಕಸಸ್ ಅಭಯಾರಣ್ಯ ಸ್ಥಾಪನೆಯಾಯಿತು. 1999ರಲ್ಲಿ ಪಶ್ಚಿಮ ಕಾಕಸಸ್ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸೋಚಿಯಲ್ಲಿ 2014ರ ಚಳಿಗಾಲದ ಒಲಿಂಪಿಕ್ಸ್ ನಡೆಸಲು ಕ್ರಾಸ್ನಾಯಾ ಪೊಲ್ಯಾನಾವನ್ನೇ ಹಿಮಕ್ರೀಡೆಗಳಿಗೆ ಆರಿಸಲಾಯಿತು. ನಗರದ ಅಲಂಕಾರಕ್ಕೆಂದು ಇಟಲಿಯಿಂದ ತರಿಸಿದ ಬಾಕ್ಸ್‌ವುಡ್ ಸಸಿಗಳಲ್ಲಿ, ಪೂರ್ವ ಏಷ್ಯಾ ಮೂಲದ ಒಂದು ಪತಂಗದ ಹುಳುಗಳು 2012ರಲ್ಲಿ ಪತ್ತೆಯಾದವು. ಕೆಲವೇ ವರ್ಷಗಳಲ್ಲಿ ಈ ಕೀಟವು ಅಭಯಾರಣ್ಯಕ್ಕೆ ಸೇರಿದ ಖೋಸ್ತಾ ತೋಪಿನ ಪ್ರಾಚೀನ ಬಾಕ್ಸ್‌ವುಡ್ ಮರಗಳನ್ನು ಬಹುಮಟ್ಟಿಗೆ ನಾಶಮಾಡಿ, ಶ್ರೇಣಿಯನ್ನು ದಾಟಿ ಅದಿಗೇಯಾದ ಕಾಡುಗಳಿಗೂ ಹಬ್ಬಿತು. ಅಂಗುಲ ಅಂಗುಲವಾಗಿ ಬೆಳೆಯುವ ಮರವದು; ಒಣಗಿದ ಕಾಡು ಮರಳಿ ಹಸಿರಾಗಲು ತಲೆಮಾರುಗಳೇ ಬೇಕು. ಕಾಡಿನ ಮರಕ್ಕೇ ಕಸಿ ಕಟ್ಟಿದವರ ಬೆಟ್ಟದಲ್ಲಿ, ಕಾಡಿನಲ್ಲಿ ಹೇರಳವಾಗಿದ್ದ ಜಾತಿಯ ಮರವನ್ನೇ ದೂರದೇಶದಿಂದ ತರಿಸಿದ್ದರ ಫಲವಿದು. ಲಾಗೊ-ನಾಕಿಯಲ್ಲಿಯೂ ಹಿಮಕ್ರೀಡೆಯ ಪ್ರವಾಸಧಾಮ ನಿರ್ಮಿಸುವ ಯೋಜನೆ ಮತ್ತೆ ಮತ್ತೆ ಮುಂದೆ ಬರುತ್ತಿದ್ದು, ವಿಶ್ವಪರಂಪರೆಯ ಸಮಿತಿ ಅದರ ಬಗ್ಗೆ ಆತಂಕ ವ್ಯಕ್ತಪಡಿಸುತ್ತ ಬಂದಿದೆ.

ಹಾಗೆಂದು ಇದು ಕೇವಲ ನಷ್ಟದ ಕಥೆಯಲ್ಲ. ಕೊಸೊವೊದಲ್ಲಿ ನೆಲೆಸಿದ್ದ ಸರ್ಕೇಸಿಯನ್ ಕುಟುಂಬಗಳು ಅಲ್ಲಿಯ ಸಂಘರ್ಷದಿಂದ ಪಾರಾಗಿ 1998ರಲ್ಲಿ ಅದಿಗೇಯಾಕ್ಕೆ ಮರಳಿದವು. ಅವರಿಗಾಗಿ ಮೈಕೊಪ್ ಬಳಿ ಮಾಫೆಹಾಬ್ಲ್ ಎಂಬ ಹಳ್ಳಿ ಹುಟ್ಟಿತು. ಅದಿಘೆ ಮನೆಗಳಲ್ಲಿ ಇಂದಿಗೂ ಬರಗಿನ ಗಟ್ಟಿ ಅಂಬಲಿಯೂ ಅದಿಘೆ ಗಿಣ್ಣೂ ಅತಿಥಿಗೆ ದೊರೆಯುತ್ತವೆ.

ಅಲ್ಲಿಗೆ ಹೋಗುವ ಪ್ರವಾಸಿಗನು ಜಲಪಾತ, ಶಿಖರಗಳನ್ನು ನೋಡಲಿ. ಆದರೆ ಕಾಡಿನ ನಡುವೆ ಸಿಹಿಹಣ್ಣಿನ ಮರ ಕಂಡಾಗ ಒಂದು ಗಳಿಗೆ ನಿಂತು, ಇದಕ್ಕೆ ಕಸಿ ಕಟ್ಟಿದವರು ಯಾರು ಎಂದು ಕೇಳಿಕೊಳ್ಳಲಿ. ವಿದ್ಯಾರ್ಥಿಗಳು ತಮ್ಮ ಊರಿನ ಕಾಡಿನಲ್ಲಿಯೂ ಈ ಪ್ರಶ್ನೆಯನ್ನು ಹಿರಿಯರ ಮುಂದಿಡಬಹುದು. ಯಾರ ಕೈಯೂ ತಾಗದ ಕಾಡೆಂದು ನಕ್ಷೆಯಲ್ಲಿ ಗುರುತಿಸಿದ ಎಷ್ಟೋ ಜಾಗಗಳಲ್ಲಿ ಯಾರೋ ಉಳಿಸಿದ, ಯಾರೋ ಕಸಿ ಕಟ್ಟಿದ ಮರಗಳಿರುತ್ತವೆ. ಮರವು ನೂರು ವರ್ಷ ಬಾಳೀತು. ಅದನ್ನು ಬಲ್ಲವರು ಒಂದು ತಲೆಮಾರು ತಪ್ಪಿದರೆ ಆ ವಿದ್ಯೆ ಮುಗಿಯಿತು. ಉತ್ತರ ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು, ವಸಂತದಲ್ಲಿ ಒಂದಾದರೂ ಕಸಿ ಕಟ್ಟಲು ಕೈಯಾರೆ ಕಲಿಯುವುದು, ಇವೆರಡೂ ಇಂದೇ ಆರಂಭವಾಗಬೇಕಾದ ಕೆಲಸಗಳು.